ಮೊದಲ ರೇಟಿಗೆ ಒಪ್ಪದವರು

ಚನ್ನಗಿರಿಯ ಅಡಿಕೆ ಮಂಡಿ ಸಾಲಿನಲ್ಲಿ ಶಿವಮೂರ್ತಪ್ಪನವರ ಬುದ್ಧಿವಂತಿಕೆಯ ಬಗ್ಗೆ ಎರಡು ಮಾತಿರಲಿಲ್ಲ. ಎರಡನೆಯ ಮಾತಾಡಲು ಅವರು ಯಾರಿಗೂ ಬಿಡುವು ಕೊಡುತ್ತಿರಲಿಲ್ಲ ಎನ್ನುವುದು ಬೇರೆ ವಿಷಯ. ಯಾರಾದರೂ ಒಂದು ಲೋಟ ಚಹಾಕ್ಕೆಂದು ಗಾದಿಯ ಮೇಲೆ ಕೂತರೆ ಸಾಕು, ಊರೆಲ್ಲ ಸಿಕ್ಕ ರೇಟಿಗೆ ಅಡಿಕೆ ಮಾರಿ ಕೈ ತೊಳೆದುಕೊಂಡ ವರ್ಷ ತಾವೊಬ್ಬರೇ ಮೂರು ತಿಂಗಳು ಗೋದಾಮಿಗೆ ಬೀಗ ಜಡಿದು ಕೂತದ್ದು, ಆಮೇಲೆ ಬಂದ ಲಾಭದಲ್ಲಿ ಮನೆಗೆ ಮಹಡಿ ಎಬ್ಬಿಸಿದ್ದು, ಎಲ್ಲವನ್ನೂ ಚಹಾ ಆರುವತನಕ ಹೇಳುತ್ತಿದ್ದರು. ಬೀಗ ಜಡಿದು ಕೂತು ಕೈ ಸುಟ್ಟುಕೊಂಡ ವರ್ಷಗಳ ಸುದ್ದಿ ಮಾತ್ರ ಯಾವ ಚಹಾದ ಜೊತೆಗೂ ಬರುತ್ತಿರಲಿಲ್ಲ.

ಮಂಡಿಯಲ್ಲಿ ಅಡಿಕೆ ಮಾರುವ ಪದ್ಧತಿ ಹೀಗೆ. ಮಾರುವವನ ಮೂಟೆಗಳನ್ನು ಸಾಲಾಗಿ ಇಡಿಸುತ್ತಾರೆ. ಖರೀದಿದಾರರು ಬಂದು ಮೂಟೆಯೊಳಗೆ ಕೈ ಹಾಕಿ, ನಾಲ್ಕು ಅಡಿಕೆ ಕತ್ತರಿಸಿ ನೋಡಿ, ಚೀಟಿಯಲ್ಲಿ ರೇಟು ಬರೆದು ಡಬ್ಬಿಗೆ ಹಾಕುತ್ತಾರೆ. ಹೆಚ್ಚು ಬರೆದವನ ಹೆಸರು ಕೂಗುತ್ತಾರೆ. ಮಾರುವವನಿಗೆ ಆ ರೇಟು ಹಿಡಿಸದಿದ್ದರೆ ‘ಒಪ್ಪಿಗೆ ಇಲ್ಲ’ ಎಂದರಾಯಿತು. ಮೂಟೆ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ಟೆಂಡರಿನ ದಿನ ಮತ್ತೆ ಡಬ್ಬಿ ಇಡುತ್ತಾರೆ. ಶಿವಮೂರ್ತಪ್ಪನವರು ಮೂವತ್ತು ವರ್ಷದಲ್ಲಿ ತಮ್ಮ ಸ್ವಂತ ಮಾಲಿಗೆ ಮೊದಲ ದಿನವೇ ಒಪ್ಪಿಗೆ ಕೊಟ್ಟವರಲ್ಲ. ರೇಟು ಚೆನ್ನಾಗಿದ್ದರೂ ಕೊಟ್ಟವರಲ್ಲ. ಮೊದಲ ರೇಟಿಗೆ ತಲೆ ಆಡಿಸುವವನನ್ನು ಕಂಡರೆ ಅವರಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು.

ಇವರ ಒಬ್ಬಳೇ ಮಗಳು ಮೇಘಶ್ರೀ. ಪಿಯುಸಿಯಲ್ಲಿ ತೊಂಬತ್ತೇಳು ಪರ್ಸೆಂಟ್ ತೆಗೆದು ಕಾಲೇಜಿಗೇ ಮೊದಲು ಬಂದವಳು. ಅವಳಿಗೆ ಕಲ್ಲಿನ ಹುಚ್ಚು ಹಿಡಿಸಿದವರು ಲೆಕ್ಚರರ್ ಸಿದ್ದಲಿಂಗೇಶ್, ಜಗಳೂರು ಕಡೆಯ ಮನುಷ್ಯ. ಒಂದು ಭಾನುವಾರ ಅವರು ಹುಡುಗಿಯರನ್ನು ಸೂಳೆಕೆರೆಯ ಏರಿಯ ಪಕ್ಕದ ಗುಡ್ಡಕ್ಕೆ ಕರೆದುಕೊಂಡು ಹೋಗಿ, ಕಾಲ ಕೆಳಗಿನ ಬಂಡೆಗೆ ಇನ್ನೂರು ಕೋಟಿ ವರ್ಷಕ್ಕೂ ಮಿಕ್ಕಿ ವಯಸ್ಸಾಗಿದೆ ಎಂದು ಹೇಳಿಬಿಟ್ಟರು. ಅವತ್ತಿನಿಂದ ಹುಡುಗಿ ಮನೆಗೆ ಕಲ್ಲು ಹೊರತೊಡಗಿದಳು. ಮಹಡಿಯ ಕಿಟಕಿಯಲ್ಲಿ, ಪುಸ್ತಕದ ಕಪಾಟಿನಲ್ಲಿ, ತಾಯಿ ಶಾಂತಾದೇವಿಯವರ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ, ಎಲ್ಲೆಲ್ಲೂ ಕಲ್ಲು. ಓದಿದರೆ ಭೂವಿಜ್ಞಾನವನ್ನೇ ಓದುತ್ತೇನೆ ಎಂದಳು.

“ಕಲ್ಲು ಓದಾಕೆ ಊರು ಬಿಡ್ಬೇಕೇನೆ? ನಮ್ಮ ತೋಟದ ಬದುವಿನಾಗೆ ಬೇಕಾದಷ್ಟು ಬಿದ್ದಾವೆ, ಕೂತ್ಕಂಡು ಓದು,” ಎಂದು ಶಿವಮೂರ್ತಪ್ಪನವರು ನಗಾಡಿದರು.

ಪುಣೆಯ ಕಡೆ ಒಂದು ವಿಶ್ವವಿದ್ಯಾಲಯ. ಕರ್ನಾಟಕದ ಸಣ್ಣ ಊರುಗಳ ಹುಡುಗಿಯರಿಗೆಂದು ಭೂವಿಜ್ಞಾನದಲ್ಲಿ ವರ್ಷಕ್ಕೆ ಒಂದೇ ಒಂದು ನೆರವಿನ ಸೀಟು ಇಟ್ಟಿದ್ದರು. ಸಿದ್ದಲಿಂಗೇಶ್ ಇಬ್ಬರಿಂದ ಅರ್ಜಿ ಹಾಕಿಸಿದರು. ಒಬ್ಬಳು ಮೇಘಶ್ರೀ, ಇನ್ನೊಬ್ಬಳು ಅವಳ ಗೆಳತಿ ಮದೀಹಾ. ಮದೀಹಾಳ ತಂದೆ ನಿಯಾಜ್ ಅಹಮದ್ ಶಿವಮೂರ್ತಪ್ಪನವರ ಮಂಡಿಯಲ್ಲೇ ಹರಿದ ಗೋಣಿಚೀಲಕ್ಕೆ ತೇಪೆ ಹಾಕಿ, ತುಂಬಿದ ಮೂಟೆಯ ಬಾಯಿ ಹೊಲಿಯುವವನು. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಸೀಟು ಮೇಘಶ್ರೀಗೆ, ಕಾಯುವ ಪಟ್ಟಿಯಲ್ಲಿ ಮೊದಲ ಹೆಸರು ಮದೀಹಾಳದು.

ಪತ್ರ ಹಿಡಿದುಕೊಂಡು ಸಿದ್ದಲಿಂಗೇಶ್ ಮನೆಗೇ ಬಂದರು. ಶಾಂತಾದೇವಿ ಕೊಟ್ಟ ಕಾಫಿಯನ್ನು ಪಕ್ಕಕ್ಕಿಟ್ಟು ಲೆಕ್ಕ ಬಿಡಿಸಿ ಹೇಳಿದರು.

“ನೋಡ್ರಿ, ವರ್ಷಕ್ಕೆ ಫೀಸು ನಾಕು ಲಕ್ಷ. ಅದರಾಗೆ ಎಪ್ಪತ್ತೈದು ಪರ್ಸೆಂಟ್ ಅವರೇ ಬಿಡ್ತಾರೆ, ಮೂರು ಲಕ್ಷ ಹೋತು. ಉಳಿದಿದ್ದು ಒಂದು. ಹಾಸ್ಟೆಲ್ಲು, ಊಟ, ಓಡಾಟ ಎಲ್ಲಾ ಸೇರಿ ಇನ್ನೊಂದು ಲಕ್ಷದ ಇಪ್ಪತ್ತು ಸಾವಿರ. ನಾಕು ವರ್ಷಕ್ಕೆ ಒಂಬತ್ತು ಲಕ್ಷದ ಹತ್ರ ಆಗ್ತೈತೆ.”

“ದಾವಣಗೆರೇಲಿ?” ಎಂದರು ಶಿವಮೂರ್ತಪ್ಪನವರು.

“ಅಲ್ಲಿ ಮೇಘಶ್ರೀಗೆ ಸಿಕ್ಕಿರೋ ಕಾಲೇಜಿನಾಗೆ ಹಾಸ್ಟೆಲ್ ಸೇರಿ ವರ್ಷಕ್ಕೆ ಅರವತ್ತೈದು ಸಾವಿರ. ಆದ್ರೆ ಅಲ್ಲಿ ಭೂವಿಜ್ಞಾನ ಇಲ್ಲ, ಕೆಮಿಸ್ಟ್ರಿ ಓದ್ಬೇಕು. ದುಡ್ಡಿಗೆ ಕಷ್ಟ ಇದ್ದೋರಾಗಿದ್ರೆ ನಾನೇ ದಾವಣಗೆರೆಗೆ ಕಳಿಸ್ರಿ ಅಂತಿದ್ದೆ. ನಿಮಗೇನು ಸಾರ್?”

ನಿಜ, ಇವರಿಗೇನು. ಹೋದ ದಸರಾದಲ್ಲಿ ತಂದು ಹೂವು ಮುಡಿಸಿದ್ದ ಹತ್ತೊಂಬತ್ತು ಲಕ್ಷದ ಕಾರು ಅಂಗಳದಲ್ಲೇ ನಿಂತಿತ್ತು. ಶಿವಮೂರ್ತಪ್ಪನವರಿಗೂ ಒಂಬತ್ತು ಲಕ್ಷ ಕೇಳಿ ಎದೆ ಒಡೆಯಲಿಲ್ಲ. ಅವರ ಕಿವಿ ಸಿಕ್ಕಿಕೊಂಡದ್ದು ಬೇರೊಂದು ಕಡೆ.

“ಅಲ್ರೀ ಮೇಷ್ಟ್ರೆ, ಎಪ್ಪತ್ತೈದು ಅಂತ ಅವರೇ ಬಾಯಿ ಬಿಟ್ರಾ? ನಾವು ಕೇಳಾಕೆ ಮುಂಚೆ?”

“ಹೌದು ಸಾರ್. ಪತ್ರದಾಗೇ ಐತೆ.”

ಶಿವಮೂರ್ತಪ್ಪನವರ ಕಣ್ಣು ಮಿನುಗಿದವು. ಕೂಡಲೇ ಹೊನ್ನಾಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಬಾಮೈದ ಬಸವರಾಜನಿಗೆ ಫೋನು ಹೋಯಿತು. ಬಸವರಾಜ್ ತನ್ನ ಮಗನನ್ನು ಎಲ್ಲಿಗೂ ಓದಲು ಕಳಿಸಿದವನಲ್ಲ. ಆದ್ದರಿಂದ ಅವನಿಗೆ ಓದಿನ ವಿಷಯದಲ್ಲಿ ಸಲಹೆ ಕೊಡಲು ಯಾವ ಅಡ್ಡಿಯೂ ಇರಲಿಲ್ಲ.

“ಭಾವ, ಕೇಳದೆ ಎಪ್ಪತ್ತೈದು ಬಿಡ್ತಾರೆ ಅಂದ್ರೆ ಕೇಳಿದ್ರೆ ಎಷ್ಟು ಬಿಡಬೌದು? ಲೆಕ್ಕ ಹಾಕ್ರಿ,” ಎಂದಿತು ಸ್ಪೀಕರ್ ಫೋನು. “ಸಾಸ್ವೆಹಳ್ಳಿಯಾಗೆ ಒಬ್ರು ಹಿಂಗೇ ಜಗ್ಗಿ ಜಗ್ಗಿ ಟ್ರ್ಯಾಕ್ಟರಿನ ಮೇಲೆ ಎಪ್ಪತ್ತು ಸಾವಿರ ಇಳಿಸಿದ್ರು.”

ಟ್ರ್ಯಾಕ್ಟರು ಕೊಳ್ಳುವುದಕ್ಕೂ ಹುಡುಗಿಯನ್ನು ಓದಿಸುವುದಕ್ಕೂ ಏನು ಸಂಬಂಧ ಎಂದು ಸಿದ್ದಲಿಂಗೇಶ್ ಕೇಳಬೇಕೆಂದಿದ್ದರು. ಅಷ್ಟರಲ್ಲಿ ಭಾವ ಬಾಮೈದ ಇಬ್ಬರೂ ನೂರು ಪರ್ಸೆಂಟಿನ ತನಕ ಹತ್ತಿ ಕೂತಿದ್ದರು. ತಣ್ಣಗಾದ ಕಾಫಿ ಕುಡಿದು ಮೇಷ್ಟ್ರು ಎದ್ದು ಹೋದರು.

ಮಾರನೆಯ ದಿನ ಶಿವಮೂರ್ತಪ್ಪನವರು ಮಗಳನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ ವಿಶ್ವವಿದ್ಯಾಲಯಕ್ಕೆ ಪತ್ರ ಹೇಳತೊಡಗಿದರು. “ಬರಿ. ನಿಮ್ಮ ರೇಟು ನೋಡಿದೀವಿ. ಬೇರೆ ಪಾರ್ಟಿಯೋರೂ ಕೇಳ್ತಾ ಇದಾರೆ. ದಾವಣಗೆರೆಯೋರು ಅರವತ್ತೈದು ಸಾವಿರಕ್ಕೆ ಒಪ್ಪಿ ಬಾಗಿಲಾಗೆ ನಿಂತಿದಾರೆ. ಮಾಲು ಫಸ್ಟ್ ಕ್ಲಾಸು, ತೊಂಬತ್ತೇಳು ಪರ್ಸೆಂಟು. ಕೊನೆ ರೇಟು ಹೇಳ್ರಿ.”

“ಮಾಲು ಅಂದ್ರೆ ನಾನಾ ಅಪ್ಪಾ?”

“ಮತ್ತೆ ಯಾರು, ನಿಮ್ಮವ್ವನಾ? ಬರಿ ಬರಿ.”

ಮೇಘಶ್ರೀಗೆ ಅಳು ಬಂತು, ನಗುವೂ ಬಂತು. ಬೇರೆ ದಾರಿಯಿರಲಿಲ್ಲ. ಅವಳಿಗಿನ್ನೂ ಹದಿನೆಂಟು ತುಂಬಿರಲಿಲ್ಲ. ಪೋಷಕರ ಒಪ್ಪಿಗೆ ಇಲ್ಲದೆ ಸೀಟು ಪಕ್ಕಾ ಆಗುವಂತಿರಲಿಲ್ಲ. ಅಪ್ಪನ ಮಾತನ್ನು ಆದಷ್ಟು ಮೆತ್ತಗೆ ಮಾಡಿ, ನೆರವನ್ನು ಸ್ವಲ್ಪ ಹೆಚ್ಚಿಸಲು ಸಾಧ್ಯವೇ ಎಂದು ಇಂಗ್ಲಿಷಿನಲ್ಲಿ ವಿನಯವಾಗಿ ಕೇಳಿ ಕಳಿಸಿದಳು. ಉತ್ತರವೂ ಅಷ್ಟೇ ವಿನಯವಾಗಿ ಬಂತು. ನೆರವನ್ನು ಅರ್ಜಿಯಲ್ಲಿ ತೋರಿಸಿದ ಮನೆಯ ಆದಾಯ ನೋಡಿ ನಿಗದಿ ಮಾಡಲಾಗಿದೆ, ಬದಲಿಸಲು ಬರುವುದಿಲ್ಲ, ಜೂನ್ ಹತ್ತರ ಸಂಜೆ ಐದು ಗಂಟೆಯೊಳಗೆ ಒಪ್ಪಿಗೆ ತಿಳಿಸಬೇಕು, ತಪ್ಪಿದರೆ ಸೀಟು ಕಾಯುವ ಪಟ್ಟಿಯಲ್ಲಿರುವವರಿಗೆ ಹೋಗುತ್ತದೆ. ಮೇಘಶ್ರೀ ಅದನ್ನು ಕನ್ನಡದಲ್ಲಿ ಎರಡು ಸಲ ಓದಿ ಹೇಳಿದಳು.

“ನೋಡ್ದಾ, ಎಷ್ಟು ಮರ್ಯಾದೆಯಾಗಿ ಬರೆದಾರೆ!” ಎಂದರು ಶಿವಮೂರ್ತಪ್ಪನವರು. “ಮಾಲು ಬ್ಯಾಡ ಅನ್ನೋನು ಇಷ್ಟು ಮರ್ಯಾದೆ ಕೊಡಲ್ಲ. ಬೇಕು ಅವರಿಗೆ.”

ಜೂನ್ ಒಂದಕ್ಕೆ ವಿಶ್ವವಿದ್ಯಾಲಯದಿಂದ ನೆನಪೋಲೆ ಬಂತು. ಐದಕ್ಕೆ ಇನ್ನೊಂದು. ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಎಲ್ಲರಿಗೂ ಕಳಿಸುವ ಓಲೆಗಳು ಅವು ಎಂದು ಮಗಳು ಹೇಳಿದರೂ ಶಿವಮೂರ್ತಪ್ಪನವರು ಕೇಳಲಿಲ್ಲ. ಮಂಡಿಯಲ್ಲಿ ಫೋನು ತೆಗೆದು ಬಂದವರಿಗೆಲ್ಲ ತೋರಿಸಿದರು. “ಪುಣೆಯೋರು ಬೆನ್ನು ಬಿಡವಲ್ರು ಮಾರಾಯ!” ಎಂದು ಬೇಸರ ಪಟ್ಟುಕೊಂಡರು. ಆ ಬೇಸರದಲ್ಲಿ ಅವರ ಹೊಟ್ಟೆ ಎರಡಿಂಚು ಮುಂದೆ ಬಂದಿತ್ತು. ವರ್ತಕರ ಸಂಘದ ಅಧ್ಯಕ್ಷ ಷಣ್ಮುಖಪ್ಪ, ತಮ್ಮ ಮಗನಿಗೆ ಹಣ ಕಟ್ಟುತ್ತೇನೆಂದು ಬೇಡಿಕೊಂಡರೂ ಎಲ್ಲೂ ಸೀಟು ಸಿಗದೆ ನೊಂದಿದ್ದವರು, ಓಲೆಯನ್ನು ಕನ್ನಡಕ ಹಾಕಿಕೊಂಡು ಓದಿ ನಿಟ್ಟುಸಿರು ಬಿಟ್ಟರು.

ಮೂಲೆಯಲ್ಲಿ ದಬ್ಬಣ ಹಿಡಿದು ಮೂಟೆ ಹೊಲಿಯುತ್ತಿದ್ದ ನಿಯಾಜ್ ಇದನ್ನೆಲ್ಲ ಕೇಳಿಸಿಕೊಂಡು ಹತ್ತಿರ ಬಂದ.

“ಸಾವ್ಕಾರ್ರೆ, ಮೇಘಶ್ರೀ ಅಮ್ಮಾರು ಹೋಗೋದು ಪಕ್ಕಾ ಅಲ್ವಾ? ನಮ್ಮ ಮದೀಹಾ ಎರಡನೇ ನಂಬರಾಗೆ ಅವ್ಳೆ. ಪಕ್ಕಾ ಆದ್ರೆ ನ್ಯಾಮತಿಯಾಗೆ ನಮ್ಮ ಷಡ್ಕನ ಮನೆಯಾಗೆ ಇಟ್ಟು ಅಲ್ಲೇ ಹತ್ರದ ಕಾಲೇಜಿಗೆ ಸೇರ್ಸಿಬಿಡ್ತೀನಿ.”

“ಅವಸರ ಯಾಕೋ ನಿಯಾಜ್? ಕೊಡೋನು ದೇವ್ರು,” ಎಂದರು ಶಿವಮೂರ್ತಪ್ಪನವರು, ಕೈಯನ್ನು ಆಶೀರ್ವಾದದ ಹಾಗೆ ಎತ್ತಿ. “ನಮಗೆ ಬಂದ್ರೇನು, ನಿನ್ನ ಮಗಳಿಗೆ ಬಂದ್ರೇನು? ಯಾರಿಗೆ ಬಂದ್ರೂ ನನಗೆ ಸಂತೋಷನೆ.”

ಮಾತಿಗೇನು ಖರ್ಚು? ನಿಯಾಜ್ ಎರಡೂ ಕೈಯೆತ್ತಿ ಸಲಾಂ ಮಾಡಿ ಹೋಗಿ ಮತ್ತೆ ಮೂಟೆಯ ಮುಂದೆ ಕೂತ.

ಜೂನ್ ಹತ್ತು ಬಂತು. ಅವತ್ತು ಮಂಡಿಯಲ್ಲಿ ಟೆಂಡರು. ಮಧ್ಯಾಹ್ನ ಎರಡರ ಹೊತ್ತಿಗೆ ಮೇಘಶ್ರೀ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದಳು. ಒಪ್ಪಿಗೆಯ ಗುಂಡಿ ಒತ್ತಿದರೆ ಪೋಷಕರ ಮೊಬೈಲಿಗೆ ಆರಂಕಿಯ ಓಟಿಪಿ ಬರುತ್ತದೆ, ಅದನ್ನು ಹಾಕಿದರೆ ಮುಗಿಯಿತು. ಅರ್ಜಿಯಲ್ಲಿ ಕೊಟ್ಟದ್ದು ಅಪ್ಪನ ನಂಬರು.

“ಅಪ್ಪಾ, ಆರು ಅಂಕಿ ಹೇಳು ಸಾಕು. ನನಗೆ ಎಪ್ಪತ್ತೈದೇ ಸಾಕು. ಹೊಸ ಬಟ್ಟೆ ಬ್ಯಾಡ, ರಜಕ್ಕೆ ಬರಾಕೆ ಏಸಿ ಬೋಗಿ ಬ್ಯಾಡ. ಉಳಿದಿದ್ದನ್ನ ನಾನು ಕೆಲಸಕ್ಕೆ ಸೇರಿ ವಾಪಸ್ ಕೊಡ್ತೀನಿ.”

ಫೋನು ಟಿಣ್ ಎಂದಿತು. ಶಿವಮೂರ್ತಪ್ಪನವರು ಅಂಕಿಗಳನ್ನು ಒಮ್ಮೆ ನೋಡಿ, ಫೋನನ್ನು ಅಂಗಿಯ ಜೇಬಿಗೆ ಇಳಿಸಿದರು. “ಹುಚ್ಚಿ. ಗಡಿಬಿಡಿ ಮಾಡಿದೋನ ಮಾಲು ಗೊರಬಲಿನ ರೇಟಿಗೆ ಹೋಗ್ತೈತೆ. ಐದು ಗಂಟೆ ಅಂದಿದಾರಾ? ನಾಕೂವರೆಗೆ ಅವರೇ ಫೋನ್ ಮಾಡಿ ತೊಂಬತ್ತು ಅಂತಾರೆ, ನೋಡ್ತಿರು.”

ಗೊರಬಲು ಎಂದರೆ ಅಡಿಕೆಯಲ್ಲೇ ಕಡೆಯ ದರ್ಜೆ. ಮೇಘಶ್ರೀ ಗಾದಿಯ ಅಂಚಿನಲ್ಲಿ ಕೂತಳು. ಖರೀದಿದಾರರು ಮೂಟೆಯಿಂದ ಮೂಟೆಗೆ ನಡೆದರು, ಚೀಟಿ ಬರೆದರು, ಡಬ್ಬಿಗೆ ಹಾಕಿದರು. ನಾಲ್ಕೂವರೆಯಾಯಿತು. ನಾಲ್ಕು ಮುಕ್ಕಾಲಿಗೆ ಅವಳು ಇನ್ನೊಂದು ಸಲ ಓಟಿಪಿ ಕಳಿಸಿದಳು. ಅಪ್ಪನ ಜೇಬು ಟಿಣ್ ಎಂದಿತು, ಅಪ್ಪ ಜೇಬಿನ ಮೇಲೆ ಕೈ ಇಟ್ಟುಕೊಂಡು ಕಣ್ಣು ಮಿಟುಕಿಸಿದರು. “ಅಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ,” ಎಂದಳು. ಕಾಲಿಗೆ ಬೀಳುವಷ್ಟು ದೊಡ್ಡ ವಿಷಯ ಇದಲ್ಲವೆಂದು ಅವರು ನಕ್ಕರು. ಈ ಕಥೆ ಹೇಳುತ್ತಿರುವವರಿಗೇ ಆ ಜೇಬಿಗೆ ಕೈ ಹಾಕಿ ಫೋನು ಕಿತ್ತುಕೊಂಡು ಓಡಬೇಕು ಅನ್ನಿಸುತ್ತದೆ. ಆದರೆ ಅಪ್ಪನ ಜೇಬಿಗೆ ಕೈ ಹಾಕುವ ಹಾಗೆ ಆ ಹುಡುಗಿಯನ್ನು ಯಾರೂ ಬೆಳೆಸಿರಲಿಲ್ಲ.

ಐದಕ್ಕೆ ಸರಿಯಾಗಿ ಫೋನು ಹೊಡೆದುಕೊಂಡಿತು. ಶಿವಮೂರ್ತಪ್ಪನವರು ಗೆದ್ದವರ ಹಾಗೆ ಮಗಳತ್ತ ನೋಡಿ ಎತ್ತಿದರು.

“ಎಷ್ಟಕ್ಕೆ ಬಂದ್ರು ಭಾವ?” ಎಂದ ಹೊನ್ನಾಳಿಯಿಂದ ಬಸವರಾಜ್.

ಲ್ಯಾಪ್‌ಟಾಪಿನಲ್ಲಿ ಒಪ್ಪಿಗೆಯ ಗುಂಡಿ ಬೂದುಬಣ್ಣಕ್ಕೆ ತಿರುಗಿತ್ತು. ಮೇಘಶ್ರೀ ಅದನ್ನು ಮುಚ್ಚಿ ಎದ್ದು ಮನೆಗೆ ನಡೆದಳು. ಅಳಲಿಲ್ಲ. ಅದನ್ನು ಶಿವಮೂರ್ತಪ್ಪನವರು ಒಳ್ಳೆಯ ಲಕ್ಷಣ ಎಂದುಕೊಂಡರು.

ಮರುದಿನವೂ ಅವರು ಕಾದರು. ಮೂರನೆಯ ದಿನ ಸೀಟನ್ನು ಕಾಯುವ ಪಟ್ಟಿಯ ಅಭ್ಯರ್ಥಿಗೆ ಕೊಡಲಾಗಿದೆ ಎಂಬ ಓಲೆ ಬಂತು. ಶಿವಮೂರ್ತಪ್ಪನವರಿಗೆ ಅರ್ಥವೇ ಆಗಲಿಲ್ಲ. ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡಿದರು.

“ಅಲ್ಲ, ಇದು ಯಾವ ನ್ಯಾಯ? ಒಪ್ಪಿಗೆ ಇಲ್ಲ ಅಂದ್ಮೇಲೆ ಮಾಲು ಅಲ್ಲೇ ಇರ್ಬೇಕು. ಮುಂದಿನ ವಾರ ಮತ್ತೆ ಕೂಗ್ಬೇಕು. ಬೇರೆಯೋರಿಗೆ ಹೆಂಗೆ ಕೊಡ್ತಾರೆ?”

ಶಾಂತಾದೇವಿ ಮೂವತ್ತು ವರ್ಷದ ಸಂಸಾರದಲ್ಲಿ ಗಂಡನ ವ್ಯಾಪಾರಕ್ಕೆ ಬಾಯಿ ಹಾಕಿದವರಲ್ಲ. ಅವತ್ತು ಹಾಕಿದರು. “ರೀ, ಮಾಲು ಅವರ್ದು. ಸೀಟು ಇದ್ದಿದ್ದು ಅವರ ಹತ್ರ. ನಾವು ಕೊಳ್ಳಾಕೆ ಹೋದೋರು. ಇಷ್ಟು ವರ್ಷ ಮಂಡಿಯಾಗೆ ಕೂತು ಮಾರೋನು ಯಾರು, ಕೊಳ್ಳೋನು ಯಾರು ಅಂತ ಗೊತ್ತಾಗ್ಲಿಲ್ವಾ ನಿಮಗೆ?”

ಮೇಲಿನ ಕೋಣೆಯಲ್ಲಿ ಮೇಘಶ್ರೀ ಕಲ್ಲುಗಳನ್ನು ಒಂದೊಂದಾಗಿ ಗೋಣಿಚೀಲಕ್ಕೆ ಹಾಕುತ್ತಿದ್ದ ಸದ್ದು ಕೆಳಗೆ ಕೇಳುತ್ತಿತ್ತು. ಶಿವಮೂರ್ತಪ್ಪನವರಿಗೆ ಒಂದು ಕ್ಷಣ ಹತ್ತಿ ಹೋಗಿ ಮಗಳಿಗೆ ತಪ್ಪಾಯಿತು ಅನ್ನಬೇಕು ಅನ್ನಿಸಿತು. ಎರಡು ಮೆಟ್ಟಿಲು ಹತ್ತಿದ್ದರು ಕೂಡ. ಆಗಲೇ ಬಾಗಿಲಲ್ಲಿ ನಿಯಾಜ್ ಕಾಣಿಸಿಕೊಂಡ.

ಅವನ ಕೈಯಲ್ಲಿ ಮಿಠಾಯಿ ಪೆಟ್ಟಿಗೆ ಇತ್ತು. ಹಿಂದೆ ಹೆಂಡತಿ ಜಹೀದಾ, ಅವಳ ಹಿಂದೆ ತಲೆ ಬಗ್ಗಿಸಿಕೊಂಡು ಮದೀಹಾ. ನಿಯಾಜನ ಕಣ್ಣು ತುಂಬಿದ್ದವು. “ಸಾವ್ಕಾರ್ರೆ, ಯಾರಿಗೆ ಬಂದ್ರೂ ಸಂತೋಷ ಅಂದ್ರಿ. ನಾನು ಸುಮ್ನೆ ದೊಡ್ಡೋರ ಮಾತು ಅಂದ್ಕಂಡೆ. ನಿಮ್ಮ ಸ್ವಂತ ಮಗಳ ಸೀಟು ನನ್ನ ಮಗಳಿಗೆ ಬಿಟ್ಟುಕೊಟ್ರಿ. ಈ ಎಹಸಾನ್ ನಾನು ಹೆಂಗೆ ತೀರಿಸ್ಲಿ?”

ಶಿವಮೂರ್ತಪ್ಪನವರು ಎರಡನೆಯ ಮೆಟ್ಟಿಲ ಮೇಲೆ ನಿಂತೇ ಇದ್ದರು. ಅಲ್ಲಪ್ಪಾ, ನಾನು ರೇಟು ಜಗ್ಗಲು ಹೋಗಿ ಸೀಟು ಕಳೆದೆ ಎನ್ನಬಹುದಿತ್ತು. ಹಾಗಂದರೆ ಸಂಜೆಯೊಳಗೆ ಮಂಡಿ ಸಾಲು ಪೂರ್ತಿ ನಗುತ್ತದೆ, ಷಣ್ಮುಖಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಸುಮ್ಮನಿದ್ದರೆ ಧರ್ಮಾತ್ಮ. ಅವರು ಒಂದು ಮೆಟ್ಟಿಲು ಕೆಳಗಿಳಿದರು.

“ಇರ್ಲಿ ಬಿಡೋ ನಿಯಾಜ್. ಹೆಣ್ಣುಮಕ್ಕಳು ಯಾರಾದ್ರೇನು, ಓದ್ಲಿ. ಫೀಸು ಗೀಸು ಹೆಂಗೆ?”

“ನಮ್ಮ ಆಮ್ದನಿ ನೋಡಿ ನೂರಕ್ಕೆ ನೂರು ಬಿಟ್ಟವ್ರೆ ಸಾವ್ಕಾರ್ರೆ. ಹಾಸ್ಟೆಲ್ಲೂ ಫ್ರೀ. ನಾನು ಕೇಳ್ಲೂ ಇಲ್ಲ. ಮದೀಹಾ ಫೋನ್ ಮಾಡಿದ್ಲು, ನಾನು ಗೋಣಿ ಹೊಲೀತಾ ಹೊಲೀತಾನೇ ಓಟಿಪಿ ಹೇಳ್ಬಿಟ್ಟೆ.”

ನೂರಕ್ಕೆ ನೂರು! ಶಿವಮೂರ್ತಪ್ಪನವರು ನಿಯಾಜ್ ಕೊಟ್ಟ ಪೇಡಾವನ್ನು ನುಂಗಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಮಹಡಿಯಿಂದ ಇಳಿದು ಬಂದ ಮೇಘಶ್ರೀ ಮದೀಹಾಳನ್ನು ತಬ್ಬಿಕೊಂಡು, ಸಿಹಿ ಹಂಚಿಕೊಂಡಳು. ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

ಸುದ್ದಿ ಊರು ತುಂಬಿತು. ತ್ಯಾಗಕ್ಕೆ ಬರಗಾಲ ಬಂದ ಕಾಲದಲ್ಲಿ ಇಂಥದೊಂದು ಸಿಕ್ಕಿದರೆ ಯಾರು ಬಿಡುತ್ತಾರೆ? ವರ್ತಕರ ಸಂಘದವರು ಸಮುದಾಯ ಭವನದಲ್ಲಿ ಸನ್ಮಾನ ಇಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಬಿತ್ತು: ‘ತ್ಯಾಗಮಯಿ ಶಿವಮೂರ್ತಪ್ಪನವರಿಗೆ ಹಾರ್ದಿಕ ಅಭಿನಂದನೆಗಳು.’ ಎರಡು ದಿನ ಶಿವಮೂರ್ತಪ್ಪನವರು ಬೇಡ ಬೇಡ ಎಂದರು. ಮೂರನೆಯ ದಿನ ರೇಷ್ಮೆ ಪಂಚೆಗೆ ಇಸ್ತ್ರಿ ಹಾಕಿಸಿದರು. ಅಷ್ಟರಲ್ಲಿ ಅವರಿಗೇ ತಾವು ನಿಜವಾಗಿ ಬಿಟ್ಟುಕೊಟ್ಟಿರಬಹುದು ಎಂಬ ನಂಬಿಕೆ ಬರತೊಡಗಿತ್ತು.

ವೇದಿಕೆಯ ಮೇಲೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಇಬ್ಬರು ಹುಡುಗಿಯರನ್ನೂ ಅಕ್ಕಪಕ್ಕ ಕೂರಿಸಿದ್ದರು. ಸಿದ್ದಲಿಂಗೇಶ್ ಮೇಷ್ಟ್ರು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಹೊನ್ನಾಳಿಯಿಂದ ಬಂದಿದ್ದ ಬಸವರಾಜ್, ಈ ತೀರ್ಮಾನದಲ್ಲಿ ತನ್ನ ಪಾಲೂ ಇದೆ ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದ. ಅದು ಸುಳ್ಳೇನಲ್ಲ. ಶಿವಮೂರ್ತಪ್ಪನವರು ಮಾತಾಡಿ, “ಎಷ್ಟೋ ಜನ ದುಡ್ಡು ಬಿಡ್ತಾರೆ, ಅವಕಾಶ ಬಿಡೋದು ಕಷ್ಟ,” ಎಂದರು. ಶಾಂತಾದೇವಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆನಂದಬಾಷ್ಪ ಎಂದು ಪಕ್ಕದ ಹೆಂಗಸು ತಿಳಿದಳು.

ಷಣ್ಮುಖಪ್ಪ ಮೈಕನ್ನು ಮೇಘಶ್ರೀಗೆ ಕೊಟ್ಟರು. “ಇಂಥ ತಂದೆ ಪಡೆದ ಮಗಳು ನೀನು. ಎರಡು ಮಾತು ಹೇಳಮ್ಮಾ.”

ಮೇಘಶ್ರೀ ಎದ್ದಳು. ಮೈಕು ಕಿರ್ರೆಂದಿತು. ಅವಳು ಅದನ್ನು ಸ್ವಲ್ಪ ದೂರ ಹಿಡಿದಳು.

“ಮದೀಹಾ ಹೋಗ್ತಿರೋದು ನನಗೆ ನಿಜವಾಗ್ಲೂ ಸಂತೋಷ. ಅವಳು ಚೆನ್ನಾಗಿ ಓದ್ತಾಳೆ,” ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. ಹತ್ತನೇ ತಾರೀಖಿನಿಂದ ಅವಳು ಅವರನ್ನು ನೇರವಾಗಿ ನೋಡಿದ್ದು ಅದೇ ಮೊದಲು. “ಆದ್ರೆ ಅಪ್ಪ ಅವರ್ದೇನೂ ಬಿಟ್ಟುಕೊಟ್ಟಿಲ್ಲ. ಹೋಗಿದ್ದು ನನ್ದು. ನಾನು ಕಾಲಿಗೆ ಬೀಳ್ತೀನಿ ಅಂದ್ರೂ ಅವರು ಕೇಳ್ಲಿಲ್ಲ.”

ಮುಂದಿನ ಸಾಲಿನಲ್ಲಿ ಯಾರೋ, “ಆಹಾ, ಮಗಳು ಕಾಲಿಗೆ ಬಿದ್ರೂ ಮನಸ್ಸು ಬದಲಿಸ್ಲಿಲ್ವಂತೆ, ಅದಪ್ಪಾ ತ್ಯಾಗ ಅಂದ್ರೆ!” ಎಂದರು. ಚಪ್ಪಾಳೆ ಶುರುವಾಯಿತು. ಹಿಂದಿನ ಸಾಲಿನವರು ಎದ್ದು ನಿಂತು ತಟ್ಟಿದರು. ಷಣ್ಮುಖಪ್ಪ ಕಣ್ಣೊರೆಸಿಕೊಂಡು ತಟ್ಟಿದರು. ನಿಯಾಜ್ ಕೈ ಎತ್ತಿದವನು, ವೇದಿಕೆಯ ಮೇಲೆ ಮದೀಹಾ ಮುಖ ಮುಚ್ಚಿಕೊಂಡು ಅಳುತ್ತಿರುವುದನ್ನು ಕಂಡು ಮೆಲ್ಲಗೆ ಕೈ ಇಳಿಸಿದ.

ಮೇಘಶ್ರೀ ಮೈಕು ಕೊಟ್ಟು ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತಳು. ಸಭೆ ಪೂರ್ತಿ ವೇದಿಕೆಯನ್ನೇ ನೋಡುತ್ತಿತ್ತು. ಪೇಟ ಜಾರಿ ಹುಬ್ಬಿನ ಮೇಲೆ ಬಂದಿತ್ತು. ಶಿವಮೂರ್ತಪ್ಪನವರು ಅದನ್ನು ಸರಿ ಮಾಡಿಕೊಳ್ಳಲಿಲ್ಲ. ಎಲ್ಲರೂ ತಟ್ಟುತ್ತಿದ್ದುದರಿಂದ ಅವರೂ ತಟ್ಟಬೇಕಾಯಿತು.